ಹಿಂದಿನ ಸೀಟಿಗೆ ಮಾತು ಕೇಳಿಸದ ಹೊಸ ಕಾರು: ಟೈರ್ ಸದ್ದಿನ ಒಂದು ಪ್ರಕರಣ

ಈ ಪ್ರಕರಣದ ಕುಟುಂಬ ಹಾಸನ ಜಿಲ್ಲೆಯದು. ಊರಿನ ಹೆಸರು, ಕಾರಿನ ಕಂಪನಿ, ಟೈರಿನ ಕಂಪನಿ ಯಾವುದನ್ನೂ ಇಲ್ಲಿ ಹೇಳಿಲ್ಲ. ಮನೆಯವರ ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ರಸ್ತೆ, ಟೈರಿನ ಅಳತೆ, ಮಾಡಿದ ಪರೀಕ್ಷೆ, ತೆಗೆದುಕೊಂಡ ತೀರ್ಮಾನ ಮಾತ್ರ ಇದ್ದ ಹಾಗೇ ಇವೆ. ಗಾಡಿಗಳ ಸದ್ದು, ನಡುಕದ ದೂರುಗಳನ್ನು ನೋಡಿಕೊಡುವುದು ನನ್ನ ಕೆಲಸ. ಇಂಥ ದೂರುಗಳು ಸಾಮಾನ್ಯವಾಗಿ ನನ್ನ ಹತ್ತಿರ ಬರುವುದು ಒಂದಷ್ಟು ದುಡ್ಡು ಖರ್ಚಾದ ಮೇಲೆ. ಇದೂ ಹಾಗೇ ಬಂತು.

ಹಿನ್ನೆಲೆ

ಯಜಮಾನರು ಸರ್ಕಾರಿ ನೌಕರರು. ಹತ್ತಾರು ವರ್ಷ ಓಡಿಸಿದ ಸಣ್ಣ ಹ್ಯಾಚ್‌ಬ್ಯಾಕ್ ಕಾರನ್ನು ಮಾರಿ, ಸಾಲ ಮಾಡಿ, ಟಾಪ್ ಎಂಡ್ ಪೆಟ್ರೋಲ್ ಎಸ್‌ಯುವಿ ತೆಗೆದುಕೊಂಡಿದ್ದರು. 17 ಇಂಚಿನ ಅಲಾಯ್ ಚಕ್ರ, 215/60 ಆರ್17 ಅಳತೆಯ ಟೈರು. ಮಗಳನ್ನು ಮಂಗಳೂರಿಗೆ ಕೊಟ್ಟಿದ್ದರಿಂದ ಸಕಲೇಶಪುರ, ಶಿರಾಡಿ ಘಾಟ್, ಉಪ್ಪಿನಂಗಡಿ ದಾರಿಯಲ್ಲಿ ಓಡಾಟ ಜಾಸ್ತಿ. ಹೋದಾಗಲೆಲ್ಲ ಹಿಂದಿನ ಸೀಟಿನಲ್ಲಿ ಯಜಮಾನರ ತಾಯಿ, ಅವರ ಪಕ್ಕ ಮೊಮ್ಮಗ.

ಅಜ್ಜಿಗೆ ವಯಸ್ಸಿನ ಕಿವುಡು. ಎರಡೂ ಕಿವಿಗೆ ಶ್ರವಣಯಂತ್ರ ಹಾಕುತ್ತಾರೆ. ಮನೆಯಲ್ಲಿ ಮಾತುಕತೆಗೆ ತೊಂದರೆಯಿಲ್ಲ. ಹಳೇ ಕಾರಿನಲ್ಲೂ ಹೇಗೋ ನಡೆಯುತ್ತಿತ್ತು. ಹೊಸ ಕಾರಿನಲ್ಲಿ ಹೈವೇ ಹತ್ತಿದರೆ ಅವರಿಗೆ ಮಾತೇ ಕೇಳಿಸುತ್ತಿರಲಿಲ್ಲ. ಮಂಗಳೂರು ಮುಟ್ಟುವಷ್ಟರಲ್ಲಿ ತಲೆನೋವು. ಕೊನೆಗೆ, "ನಾನು ಬಸ್ಸಲ್ಲೇ ಬರ್ತೀನಿ ಕಣಪ್ಪ, ನೀವು ಹೋಗಿ" ಅಂದುಬಿಟ್ಟರಂತೆ. ಯಜಮಾನರಿಗೆ ನಾಟಿದ್ದು ಆ ಮಾತು. ತಾಯಿಗೆ ಅನುಕೂಲವಾಗಲಿ ಅಂತಲೇ ತಂದ ಗಾಡಿ ಅದು.

ಮೊದಲು ಏನೇನು ಮಾಡಿದ್ದರು

ಶೋರೂಮಿಗೆ ಹೋಗಿ ಹೇಳಿದ್ದರು. ಸರ್ವಿಸ್ ಅಡ್ವೈಸರ್ ಊರೊಳಗೆ ಒಂದು ಸುತ್ತು ಓಡಿಸಿ, "ಸರ್, ಎಲ್ಲಾ ಗಾಡೀಲೂ ಇಷ್ಟೇ ಬರುತ್ತೆ" ಅಂದಿದ್ದರು. ಈ ದೂರನ್ನು ಊರೊಳಗಿನ ಸುತ್ತಿನಲ್ಲಿ ಹಿಡಿಯಲು ಆಗುವುದಿಲ್ಲ. 30-40 ಕಿ.ಮೀ. ವೇಗದವರೆಗೆ ಎಂಜಿನ್ ಸದ್ದೇ ಮುಂದಿರುತ್ತದೆ. ಅದಕ್ಕಿಂತ ಮೇಲೆ ಹೋದಂತೆ ಟೈರಿನ ಸದ್ದು ಎದ್ದು ಬರುತ್ತದೆ, ಇನ್ನೂ ಮೇಲೆ ಗಾಳಿಯ ಸದ್ದು ಸೇರಿಕೊಳ್ಳುತ್ತದೆ. ಕಾರು ಕೊಳ್ಳುವ ಮುಂಚೆ ಮಾಡುವ ಟೆಸ್ಟ್ ಡ್ರೈವ್ ಕೂಡ ಹೆಚ್ಚಾಗಿ ಪೇಟೆ ರಸ್ತೆಯಲ್ಲೇ ಮುಗಿಯುತ್ತದೆ; ಓಡಿಸುವವರು ಮುಂದೆ ಕೂತಿರುತ್ತಾರೆ, ಹಿಂದಿನ ಸೀಟಿನಲ್ಲಿ ಯಾರೂ ಇರುವುದಿಲ್ಲ. ಈ ಮನೆಯವರೂ ಹಾಗೇ ಕೊಂಡಿದ್ದರು.

ಆಮೇಲೆ ಯಾರೋ ಹೇಳಿದರು ಅಂತ ಆಕ್ಸೆಸರಿ ಅಂಗಡಿಯಲ್ಲಿ ನಾಲ್ಕೂ ಬಾಗಿಲಿಗೆ ತಗಡಿನ ನಡುಕ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಹಾಕಿಸಿದರು. ಬಾಗಿಲು ಹಾಕಿದರೆ ಮುಂಚೆ ತಗಡಿನ ಸದ್ದು ಬರುತ್ತಿದ್ದದ್ದು ಈಗ 'ದಪ್' ಅಂತ ಗಟ್ಟಿಯಾಗಿ ಬರತೊಡಗಿತು. ಹಾಡೂ ಚೆನ್ನಾಗಿ ಕೇಳಿಸತೊಡಗಿತು. ಅಂಗಡಿಯವರು ಅದನ್ನೇ ತೋರಿಸಿ ದುಡ್ಡು ತೆಗೆದುಕೊಂಡರು. ಹೈವೇಯಲ್ಲಿ ಮೊರೆತ ಎಷ್ಟಿತ್ತೋ ಅಷ್ಟೇ ಇತ್ತು.

ನನ್ನ ಹತ್ತಿರ ಬಂದಾಗ ಎಡಗಡೆ ಹಿಂದಿನ ಬಾಗಿಲನ್ನು ಅಲ್ಲಾಡಿಸಿದರೆ ಒಳಗೆ ನೀರು ತುಳುಕುವ ಸದ್ದು. ಕಿಟಕಿಯ ರಬ್ಬರಿನ ಸಂದಿಯಿಂದ ಮಳೆ ನೀರು ಬಾಗಿಲೊಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಶೀಟ್ ಅಂಟಿಸಿದವರು ಆ ತೂತುಗಳನ್ನೂ ಸೇರಿಸಿ ಮುಚ್ಚಿದ್ದರು. ಒಂದು ಮಳೆಗಾಲ ಹಾಗೇ ಕಳೆದಿದ್ದರೆ ಬಾಗಿಲ ತಳ ಒಳಗಿನಿಂದಲೇ ತುಕ್ಕು ಹಿಡಿಯುತ್ತಿತ್ತು. ಪ್ಯಾಡ್ ಬಿಚ್ಚಿ, ತೂತುಗಳ ಮೇಲಿದ್ದ ಶೀಟನ್ನು ಕತ್ತರಿಸಿ ತೆಗೆದದ್ದೇ ಈ ಗಾಡಿಯಲ್ಲಿ ನಾವು ಮಾಡಿದ ಮೊದಲ ಕೆಲಸ.

ಸದ್ದು ಎಲ್ಲಿಂದ ಬರುತ್ತಿದೆ

ಇನ್ನು ಮುಂದೆ ಸದ್ದಿನ ಮೂಲ ಗೊತ್ತಾಗುವ ತನಕ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಅಂತ ಯಜಮಾನರನ್ನು ಒಪ್ಪಿಸಿದೆ. ಅವರಾಗಲೇ ನೆಲಕ್ಕೆಲ್ಲ ಶೀಟ್ ಹಾಕಿಸಲು ಕೊಟೇಶನ್ ತಂದಿದ್ದರು.

ಮೊದಲು ಟೈರಿನ ಗಾಳಿ ನೋಡಿದೆವು. ಚಾಲಕನ ಬಾಗಿಲ ಪಕ್ಕದ ಕಂಬದ ಮೇಲಿನ ಸ್ಟಿಕ್ಕರಿನಲ್ಲಿ 33 ಪಿಎಸ್‌ಐ ಅಂತ ಇತ್ತು. ಬೆಳಿಗ್ಗೆ ಟೈರು ತಣ್ಣಗಿದ್ದಾಗ ನೋಡಿದರೆ ನಾಲ್ಕರಲ್ಲೂ 40 ದಾಟಿತ್ತು. ಹೊಸ ಕಾರುಗಳಲ್ಲಿ ಇದು ಆಗಾಗ ಕಾಣುವ ಸಂಗತಿ. ಕಾರ್ಖಾನೆಯಿಂದ ಹೊರಟು ಯಾರ್ಡಿನಲ್ಲಿ ವಾರಗಟ್ಟಲೆ ನಿಂತಾಗ ಟೈರು ಒಂದೇ ಕಡೆ ಚಪ್ಪಟೆಯಾಗದಿರಲಿ ಅಂತ ಗಾಳಿ ಜಾಸ್ತಿ ಹೊಡೆದಿರುತ್ತಾರೆ. ಡೆಲಿವರಿ ಕೊಡುವ ಮುಂಚೆ ಅದನ್ನು ಇಳಿಸಬೇಕು. ಇಲ್ಲಿ ಇಳಿಸಿರಲಿಲ್ಲ. ಸ್ಟಿಕ್ಕರಿನಲ್ಲಿದ್ದಷ್ಟಕ್ಕೆ ಇಳಿಸಿದ ಮೇಲೆ ಗುಂಡಿಯ ಏಟು ಮೆತ್ತಗಾಯಿತು. ಮೊರೆತ ಒಂಚೂರು ತಗ್ಗಿತು, ಹೋಗಲಿಲ್ಲ.

ಆಮೇಲೆ ರಸ್ತೆಗೆ ಹೊರಟೆವು. ಹಾಸನದಿಂದ ಸಕಲೇಶಪುರದ ಕಡೆಗೆ ಜನಸಂಚಾರ ಕಡಿಮೆಯಿದ್ದ ಹೊತ್ತಿನಲ್ಲಿ, 80 ಕಿ.ಮೀ. ವೇಗದಲ್ಲಿ, ಎಂಜಿನ್ ಆನ್ ಇಟ್ಟುಕೊಂಡೇ ಗೇರನ್ನು ಒಂದೆರಡು ಕ್ಷಣ ನ್ಯೂಟ್ರಲ್‌ಗೆ ತಂದರೆ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಹಾಗಾದರೆ ಎಂಜಿನ್ ಅಲ್ಲ. ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಳೆದಾಗ ಸದ್ದು ಏರಿಳಿದರೆ ಬೇರಿಂಗ್ ಮೇಲೆ ಅನುಮಾನ ಪಡಬೇಕು, ಹಾಗೆ ಆಗಲಿಲ್ಲ. ಕನ್ನಡಿಯ ಬುಡ, ಬಾಗಿಲ ಸಂದಿಗಳಿಗೆಲ್ಲ ಪೇಂಟರ್‌ಗಳು ಬಳಸುವ ಕಾಗದದ ಟೇಪು ಅಂಟಿಸಿ ಓಡಿಸಿದೆವು. ಮೇಲಿನ 'ಸುಯ್' ಒಂದು ಚೂರು ಇಳಿಯಿತು, ಕೆಳಗಿನ ಮೊರೆತ ಹಾಗೇ ಇತ್ತು. ಗಾಳಿಯ ಸದ್ದೂ ಅಲ್ಲ.

ಎಲ್ಲಕ್ಕಿಂತ ಸ್ಪಷ್ಟವಾಗಿ ಉತ್ತರ ಕೊಟ್ಟದ್ದು ರಸ್ತೆಯೇ. ಹಳೇ ಡಾಂಬರು ಸವೆದು ಜಲ್ಲಿ ಮೇಲೆದ್ದ ಜಾಗದಿಂದ ಹೊಸದಾಗಿ ಡಾಂಬರು ಹಾಕಿದ ಜಾಗಕ್ಕೆ ಬಂದ ಕೂಡಲೇ, ವೇಗ ಅಷ್ಟೇ ಇದ್ದರೂ, ಸದ್ದು ಧಡಕ್ಕನೆ ಬಿತ್ತು. ಎಂಜಿನ್ನಿಗೂ ಗಾಳಿಗೂ ಕೆಳಗಿರುವ ರಸ್ತೆ ಯಾವುದೆಂಬುದು ಗೊತ್ತಿಲ್ಲ. ಅದು ಗೊತ್ತಿರುವುದು ಟೈರಿಗೆ ಮಾತ್ರ.

ಮೀಟರಿಗೂ ಕಿವಿಗೂ ಇದ್ದ ಅಂತರ

ಯಜಮಾನರು ತಮ್ಮ ಫೋನಿನಲ್ಲಿ ಡೆಸಿಬಲ್ ಆ್ಯಪ್ ಹಾಕಿಕೊಂಡು ತಿಂಗಳುಗಟ್ಟಲೆ ಅಳೆದಿದ್ದರು. ಬೇರೆಯವರ ಕಾರಿನಲ್ಲಿ ಕೂತಾಗಲೂ ಅಳೆದಿದ್ದರು. ಅಂಕಿಗಳಲ್ಲಿ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಅದಕ್ಕೇ ಮನೆಯಲ್ಲಿ ಕೆಲವರು "ಅಜ್ಜಿಗೆ ಕಿವಿ ಇನ್ನೂ ಮಂದವಾಗಿದೆ, ಕಾರಿನದೇನೂ ಇಲ್ಲ" ಅಂತ ತೀರ್ಮಾನಿಸಿಬಿಟ್ಟಿದ್ದರು.

ಫೋನಿನ ಆ್ಯಪುಗಳು ಸಾಮಾನ್ಯವಾಗಿ ತೋರಿಸುವುದು 'ಎ' ತೂಕದ ಡೆಸಿಬಲ್. ಕಡಿಮೆ ಕಂಪನಾಂಕದ, ಅಂದರೆ ಕೆಳಗಿನ ಸ್ವರದ ಸದ್ದು ಮನುಷ್ಯರ ಕಿವಿಗೆ ಕಡಿಮೆ ಕೇಳಿಸುತ್ತದೆ ಅನ್ನುವ ಲೆಕ್ಕದಲ್ಲಿ ಅದು ಆ ಭಾಗವನ್ನು ಕತ್ತರಿಸಿ ತೋರಿಸುತ್ತದೆ. 200 ಹರ್ಟ್ಜ್‌ನಲ್ಲಿ ಸುಮಾರು 11 ಡೆಸಿಬಲ್, 100 ಹರ್ಟ್ಜ್‌ನಲ್ಲಿ ಸುಮಾರು 19 ಡೆಸಿಬಲ್ ಕಡಿತ. ಟೈರಿನ ಮೊರೆತದ ದೊಡ್ಡ ಪಾಲು ಇರುವುದು ಇದೇ ಕೆಳಗಿನ ಭಾಗದಲ್ಲಿ. ಟೈರಿನ ಒಳಗಿನ ಗಾಳಿಯ ಉಂಗುರಕ್ಕೂ ತನ್ನದೇ ಒಂದು ಗುಂಯ್‌ಗುಡುವ ಸ್ವರವಿದೆ. ಈ ಅಳತೆಯ ಟೈರಿನಲ್ಲಿ ಆ ಉಂಗುರದ ಸರಾಸರಿ ಸುತ್ತಳತೆ ಸುಮಾರು 1.75 ಮೀಟರ್. ಶಬ್ದದ ವೇಗವನ್ನು ಅದರಿಂದ ಭಾಗಿಸಿದರೆ 200 ಹರ್ಟ್ಜ್ ಆಸುಪಾಸು ಬರುತ್ತದೆ. ಫೋನು ಕಡಿಮೆ ಮಾಡಿ ತೋರಿಸುವ ಜಾಗವೇ ಅದು.

ಕೆಳಗಿನ ಸ್ವರದ ಸದ್ದು ಜೋರಾದಾಗ ಮೇಲಿನ ಸ್ವರದ ಮೆಲು ಸದ್ದುಗಳನ್ನು ನುಂಗಿಹಾಕುತ್ತದೆ. ಮಾತಿನಲ್ಲಿ ಸ್ವರಾಕ್ಷರಗಳಿಗೆ ಬಲ ಹೆಚ್ಚು. ಸ, ತ, ಕ, ಪ ಮುಂತಾದ ವ್ಯಂಜನಗಳ ಸದ್ದು ಕ್ಷೀಣ, ಮೇಲಿನ ಸ್ವರದ್ದು. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಇದೇ ಮೇಲಿನ ಸ್ವರಗಳನ್ನು. ಶ್ರವಣಯಂತ್ರ ಮಾತನ್ನು ಎತ್ತಿಕೊಡುವಾಗ ಮೊರೆತವನ್ನೂ ಎತ್ತಿಕೊಡುತ್ತದೆ. ಆದ್ದರಿಂದ ಅಜ್ಜಿಯ ದೂರು ನಿಜವಾಗಿತ್ತು, ಆ್ಯಪಿನ ಅಂಕಿ ಅದನ್ನು ಹಿಡಿಯುವಂತಿರಲಿಲ್ಲ.

ಇಲ್ಲಿ ನಾವು ಅಳತೆಗೋಲನ್ನೇ ಬದಲಾಯಿಸಿದೆವು. ಈ ಪ್ರಕರಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ತೀರ್ಮಾನ ಇದು ಅಂತ ನನ್ನ ಅಭಿಪ್ರಾಯ. ಸೊಸೆಯವರು ಒಂದು ಹಾಳೆಯಲ್ಲಿ ಪ್ರಾಸದ ಪದಗಳ ಪಟ್ಟಿ ಬರೆದರು: ಕಾಲು, ಹಾಲು, ಸಾಲು, ಪಾಲು, ಕಿಡಿ, ಹಿಡಿ, ಸಿಡಿ, ಮಿಡಿ, ಬತ್ತಿ, ಸುತ್ತಿ, ಕತ್ತಿ, ಹತ್ತಿ. ಮೊದಲ ಅಕ್ಷರ ಕೇಳಿಸದಿದ್ದರೆ ಊಹೆಯಿಂದ ಹೇಳಲು ಆಗದಂಥ ಪದಗಳು. ಅವರು ಮುಂದಿನ ಸೀಟಿನಲ್ಲಿ ಕೂತು, ಹಿಂದೆ ತಿರುಗದೆ, ಮಾಮೂಲಿ ದನಿಯಲ್ಲಿ ಕ್ರಮ ಬದಲಿಸಿ ಬದಲಿಸಿ ಓದುವುದು. ಅಜ್ಜಿ ಕೇಳಿಸಿದ್ದನ್ನು ಹೇಳುವುದು. ಮೊಮ್ಮಗ ಗುರುತು ಹಾಕಿಕೊಳ್ಳುವುದು. ನಿಂತ ಕಾರಿನಲ್ಲಿ ಅಜ್ಜಿ ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಹೇಳಿದರು. 80ರ ವೇಗದಲ್ಲಿ, ಒರಟು ಡಾಂಬರಿನ ಮೇಲೆ ಅರ್ಧಕ್ಕರ್ಧ ತಪ್ಪಿದವು.

ಫೋನನ್ನು ಪೂರ್ತಿ ಬಿಡಲಿಲ್ಲ. ಅದೇ ಫೋನು, ಹಿಂದಿನ ಸೀಟಿನ ಅದೇ ಜಾಗ, ಅದೇ ರಸ್ತೆ ತುಂಡು, ಅದೇ ವೇಗ, ಎಸಿ ಫ್ಯಾನು ಆಫ್ — ಇಷ್ಟನ್ನು ಬದಲಿಸದಿದ್ದರೆ ಮುಂಚೆಗೂ ಆಮೇಲಕ್ಕೂ ಹೋಲಿಸಲು ಅದು ಸಾಕು. ಒಂದು ಫೋನಿನ ಅಂಕಿಯನ್ನು ಇನ್ನೊಂದು ಫೋನಿನ ಅಂಕಿಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಕಂಬಳಿ ಪರೀಕ್ಷೆ, ಆಮೇಲೆ ಚಕ್ರ ಬದಲಿಸಿ ನೋಡಿದ್ದು

ಟೈರಿನ ಸದ್ದು ಒಳಗೆ ಬರುವುದು ಎರಡು ದಾರಿಯಲ್ಲಿ. ಸಸ್ಪೆನ್ಷನ್ ಮೂಲಕ ತಗಡಿಗೆ ನಡುಕವಾಗಿ ಹತ್ತಿ ಬರುವುದು ಒಂದು. ಇದರಲ್ಲಿ ಕೆಳಗಿನ ಸ್ವರ ಹೆಚ್ಚು. ಚಕ್ರದ ಗೂಡಿನಿಂದ ಗಾಳಿಯ ಮೂಲಕವೇ ತೂರಿಬರುವುದು ಇನ್ನೊಂದು. ಇದರಲ್ಲಿ ಮೇಲಿನ ಸ್ವರ ಹೆಚ್ಚು. ಬಾಗಿಲಿಗೆ ಹಾಕಿದ ಶೀಟು ಈ ಎರಡಕ್ಕೂ ದೊಡ್ಡದಾಗಿ ಅಡ್ಡ ಬರುವುದಿಲ್ಲ, ಅದರಲ್ಲೂ ಹಿಂದಿನ ಸೀಟಿನವರಿಗೆ. ಅವರು ಕೂತಿರುವುದೇ ಹಿಂದಿನ ಚಕ್ರಗಳ ಒತ್ತಿಗೆ.

ಡಿಕ್ಕಿಯ ತಳ, ಸ್ಟೆಪ್ನಿಯ ಗುಳಿ, ಎರಡು ಪಕ್ಕದ ಚಕ್ರದ ಉಬ್ಬುಗಳ ಮೇಲೆ ಮನೆಯಲ್ಲಿದ್ದ ಹಳೇ ಕಂಬಳಿ, ರಗ್ಗುಗಳನ್ನೆಲ್ಲ ದಪ್ಪಗೆ ಒತ್ತಿ ತುಂಬಿ ಓಡಿಸಿದೆವು. ಇದಕ್ಕೆ ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು. ಜಲ್ಲಿ ರಸ್ತೆಯ 'ಶ್‌ಶ್' ಅನ್ನುವ ಸದ್ದು ಹಿಂದಿನ ಸೀಟಿನಲ್ಲಿ ಗೊತ್ತಾಗುವಷ್ಟು ಇಳಿಯಿತು. ಪದಗಳ ಪಟ್ಟಿಯಲ್ಲಿ ಅಜ್ಜಿ ಮುಂಚಿಗಿಂತ ಒಂದಷ್ಟು ಹೆಚ್ಚು ಹಿಡಿದರು. ಗುಂಯ್ ಅನ್ನುವ ಮೊರೆತ ಮಾತ್ರ ಕಂಬಳಿಗೆ ಜಗ್ಗಲಿಲ್ಲ. ಹಿಂದಿನ ಚಕ್ರದ ಗೂಡುಗಳನ್ನು ಕೆಳಗಿನಿಂದ ಬಗ್ಗಿ ನೋಡಿದಾಗ ಅಲ್ಲಿ ಬರೀ ಬಣ್ಣ ಬಳಿದ ತಗಡು. ಪ್ಲಾಸ್ಟಿಕ್ ಅಥವಾ ಫೆಲ್ಟಿನ ಲೈನರ್ ಮುಂದಿನ ಚಕ್ರಗಳಿಗೆ ಮಾತ್ರ ಇತ್ತು. ಜಲ್ಲಿ ಚೂರು ಸಿಡಿದರೆ ನೇರ ತಗಡಿಗೇ ಬಡಿಯುತ್ತದೆ.

ಇಷ್ಟಾದರೂ ಟೈರನ್ನು ಬದಲಾಯಿಸಬೇಕು ಅಂತ ಹೇಳುವ ಧೈರ್ಯ ನನಗಿರಲಿಲ್ಲ. ಹೊಸ ಟೈರನ್ನು ಬಿಚ್ಚಿ ಇನ್ನೊಂದು ಹೊಸ ಟೈರು ಹಾಕಿ ಅನ್ನುವುದು ದೊಡ್ಡ ಮಾತು. ನಾಲ್ಕಕ್ಕೆ ನಲವತ್ತು ಸಾವಿರದ ಹತ್ತಿರದ ಬಾಬತ್ತು ಅದು. ಅದೂ ಬಾಗಿಲಿಗೆ ಒಮ್ಮೆ ಸುರಿದವರಿಗೆ.

ಆಗ ಸಿಕ್ಕಿದ್ದು ಯಜಮಾನರ ಸಹೋದ್ಯೋಗಿಯೊಬ್ಬರ ಕಾರು. ಅದೇ ಮಾಡೆಲ್, ಅದೇ ಟಾಪ್ ಎಂಡ್, ಟೈರಿನ ಅಳತೆಯೂ ಅದೇ, ಆದರೆ ಟೈರು ಬೇರೆ ಕಂಪನಿಯದು. ಕಾರು ತಯಾರಕರು ಒಂದೇ ಮಾಡೆಲ್ಲಿಗೆ ಎರಡು ಮೂರು ಕಂಪನಿಗಳಿಂದ ಟೈರು ತೆಗೆದುಕೊಳ್ಳುತ್ತಾರೆ; ಯಾವ ಕಾರಿಗೆ ಯಾವುದು ಬರುತ್ತದೆ ಅನ್ನುವುದು ಕೊಳ್ಳುವವರ ಕೈಯಲ್ಲಿರುವುದಿಲ್ಲ. ಆ ಕಾರಿನಲ್ಲಿ ಅಜ್ಜಿಯನ್ನು ಕೂರಿಸಿ ಅದೇ ರಸ್ತೆಯಲ್ಲಿ ಹೋದರೆ ಸದ್ದು ಎದ್ದು ಕಾಣುವಷ್ಟು ಕಡಿಮೆ. ಆದರೆ ಅದು ಟೈರಿನಿಂದಲೇ ಅನ್ನುವುದಕ್ಕೆ ಏನು ಗ್ಯಾರಂಟಿ? ಆ ಗಾಡಿಯ ಬಾಗಿಲ ರಬ್ಬರ್ ಬೀಡಿಂಗು, ತಗಡಿನ ಜೋಡಣೆ ಚೆನ್ನಾಗಿ ಬಂದಿದ್ದರೂ ಬಂದಿರಬಹುದು.

ಎರಡೂ ಕಾರುಗಳನ್ನು ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿ, ಜಾಕ್ ಕೊಟ್ಟು, ನಾಲ್ಕು ಚಕ್ರಗಳನ್ನೂ ಅದಲುಬದಲು ಮಾಡಿದೆವು. ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ, ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ನೋಡಿಕೊಂಡು, ಗಾಳಿ ಸಮ ಮಾಡಿಕೊಂಡು ಹೊರಟೆವು. ಮೊರೆತ ಚಕ್ರದ ಜೊತೆಗೇ ಆ ಕಾರಿಗೆ ಹೋಗಿತ್ತು. ಸಹೋದ್ಯೋಗಿ ತಮ್ಮದೇ ಗಾಡಿಯಲ್ಲಿ ಬಾಳ್ಳುಪೇಟೆ ದಾಟುವಷ್ಟರಲ್ಲಿ ಫೋನ್ ಮಾಡಿ, "ಏನ್ರೀ ಇದು, ಹಿಂಗೆ ಬರ್ತಿತ್ತಾ ನಿಮಗೆ?" ಅಂದರು. ಇತ್ತ ಅಜ್ಜಿ ಪಟ್ಟಿಯಲ್ಲಿ ತಪ್ಪಿದ್ದು ಕೆಲವೇ ಪದಗಳು.

ಎಲ್ಲಾ ಗಾಡಿಯಲ್ಲೂ ಇಷ್ಟೇ ಬರುತ್ತದೆ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ತೀರ್ಮಾನಗಳು

ಯಜಮಾನರು ಮೊದಲು ಕೇಳಿದ್ದು, ಟೈರನ್ನು ಕಂಪನಿಯಿಂದಲೇ ಬದಲಾಯಿಸಿ ಕೊಡಿಸಬಹುದಾ ಅಂತ. ಶೋರೂಮಿನವರು ಟೈರ್ ಕಂಪನಿಯ ಕಡೆಗೆ ಕಳಿಸಿದರು. ನಮ್ಮಲ್ಲಿ ಕಾರಿನ ವಾರಂಟಿಯೊಳಗೆ ಟೈರು ಸಾಮಾನ್ಯವಾಗಿ ಬರುವುದಿಲ್ಲ, ಟೈರಿನ ವಾರಂಟಿ ಟೈರ್ ಕಂಪನಿಯದು. ಅವರ ಕಡೆಯವರು ಬಂದು ನೋಡಿ, ಉಬ್ಬಿಲ್ಲ, ಬಿರುಕಿಲ್ಲ, ಸವೆತ ಸಮವಾಗಿದೆ, ತಯಾರಿಕೆಯ ದೋಷವಿಲ್ಲ ಅಂದರು. ಅವರು ಹೇಳಿದ್ದು ಸರಿಯೇ. ಅದು ಕೆಟ್ಟ ಟೈರಲ್ಲ. ಬಾಳಿಕೆ, ಮೈಲೇಜ್ ನೋಡಿ ಮಾಡಿದ ಗಟ್ಟಿ ರಬ್ಬರಿನ ಟೈರು. ಗ್ರಾಹಕರ ಆಯೋಗಕ್ಕೆ ಹೋಗುವ ಯೋಚನೆಯೂ ಇತ್ತು. ದೋಷವಿಲ್ಲದ ಮಾಲಿನ ಮೇಲೆ ವರ್ಷಗಟ್ಟಲೆ ಅಲೆಯುವುದಕ್ಕಿಂತ ಅಜ್ಜಿ ಮುಂದಿನ ತಿಂಗಳು ಮಂಗಳೂರಿಗೆ ನೆಮ್ಮದಿಯಾಗಿ ಹೋಗಿಬರುವುದು ಮುಖ್ಯ ಅಂತ ನಾನು ಹೇಳಿದೆ, ಈಗಲೂ ಹಾಗೇ ಹೇಳುತ್ತೇನೆ.

16 ಇಂಚಿನ ಚಕ್ರಕ್ಕೆ ಇಳಿಯುವುದು ಇನ್ನೊಂದು ದಾರಿಯಾಗಿತ್ತು. ಇದೇ ಕಾರಿನ ಕೆಳಗಿನ ಮಾಡೆಲ್ಲಿಗೆ ಕಂಪನಿಯೇ 205/65 ಆರ್16 ಕೊಡುತ್ತದೆ. ಅಗಲ ಕಡಿಮೆ, ಪಕ್ಕೆ ಎತ್ತರ, ಸದ್ದಿಗೂ ಗುಂಡಿಗೂ ಒಳ್ಳೆಯದೇ. ಆದರೆ ರಿಮ್ಮನ್ನೂ ಕೊಳ್ಳಬೇಕು, ಅದಕ್ಕೆ ಖರ್ಚು ಹೆಚ್ಚು. ಬಿಟ್ಟೆವು. ಒಳಗೆ ಸ್ಪಂಜು ಅಂಟಿಸಿದ ಟೈರುಗಳೂ ಇವೆ, ಆ 200 ಹರ್ಟ್ಜ್‌ನ ಗುಂಯ್ ಸದ್ದನ್ನು ಕುಗ್ಗಿಸಲೆಂದೇ ಮಾಡಿದವು. ಪಂಕ್ಚರ್ ಹಾಕುವಾಗ ಸ್ಪಂಜನ್ನು ಕೆರೆದು ತೆಗೆದು ಹಾಕಬೇಕಾಗುತ್ತದೆ. ಗುಂಡ್ಯದಲ್ಲೋ ನೆಲ್ಯಾಡಿಯಲ್ಲೋ ರಾತ್ರಿ ಪಂಕ್ಚರ್ ಆದರೆ ಅಂಥ ಕೆಲಸ ಮಾಡುವವರು ಸಿಗುವುದು ಕಷ್ಟ ಅಂತ ಅದನ್ನೂ ಕೈಬಿಟ್ಟೆವು.

ಉಳಿದದ್ದು ಅದೇ ಅಳತೆಯಲ್ಲಿ ಮೆತ್ತನೆಯ ಟೂರಿಂಗ್ ಟೈರು. ಆರಿಸುವಾಗ ಅಂಗಡಿಯವರು ಯುರೋಪಿನ ಲೇಬಲ್ ತೋರಿಸಿ "ಇದು ಇಷ್ಟೇ ಡೆಸಿಬಲ್" ಅಂದರು. ಆ ಅಂಕಿ, ಕಾರು ಸುಮಾರು 80 ಕಿ.ಮೀ. ವೇಗದಲ್ಲಿ ಎಂಜಿನ್ ಆಫ್ ಆಗಿ ತೇಲಿಕೊಂಡು ಹೋಗುವಾಗ ಏಳೂವರೆ ಮೀಟರ್ ದೂರದಲ್ಲಿ ಇಟ್ಟ ಮೈಕಿಗೆ ಕೇಳಿಸಿದ್ದು. ರಸ್ತೆ ಬದಿಯ ಮನೆಯವರಿಗೆ ಅದು ಉಪಯೋಗದ ಮಾಹಿತಿ. ಕಾರಿನೊಳಗೆ ಕೂತವರಿಗೆ ಎಷ್ಟು ಕೇಳಿಸುತ್ತದೆ ಅಂತ ಅದು ಹೇಳುವುದಿಲ್ಲ. ಅದಕ್ಕಿಂತ ಸಹೋದ್ಯೋಗಿಯ ಕಾರಿನಲ್ಲಿ ನಾವೇ ಕೇಳಿಸಿಕೊಂಡಿದ್ದ ಟೈರು ಮೇಲು. ಅದರದ್ದೇ ಮಾದರಿ ಸಿಕ್ಕಿತು. ಲೋಡ್ ಇಂಡೆಕ್ಸ್ 96, ಅಂದರೆ ಒಂದು ಟೈರಿಗೆ 710 ಕಿಲೋ. ಹಳೆಯದಕ್ಕಿಂತ ಕಡಿಮೆಯಾಗಬಾರದು ಅನ್ನುವುದನ್ನು ನೋಡಿಕೊಂಡೆವು. ಪಕ್ಕೆಯ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅದನ್ನು ಓದಿ ಹೊಸ ಸ್ಟಾಕೇ ಅಂತ ಖಚಿತ ಮಾಡಿಕೊಂಡೆವು. ಒದ್ದೆ ರಸ್ತೆಯ ಹಿಡಿತದ ದರ್ಜೆಯಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದೆ. ಆಷಾಢದ ಮಳೆಯಲ್ಲಿ ಶಿರಾಡಿ ಇಳಿಯುವ ಕಾರಿಗೆ ಸದ್ದಿಗಿಂತ ಬ್ರೇಕು ದೊಡ್ಡದು.

ಬಿಚ್ಚಿದ ಟೈರುಗಳು ಹೆಚ್ಚು ಓಡಿರಲಿಲ್ಲವಾದ್ದರಿಂದ ಅಂಗಡಿಯವರು ಅರ್ಧ ಬೆಲೆಯ ಹತ್ತಿರ ಕೊಟ್ಟು ತೆಗೆದುಕೊಂಡರು. ಈ ಲೆಕ್ಕ ಕಾರು ಹೊಸದಿದ್ದಾಗ ಮಾತ್ರ ಕೂಡಿಬರುತ್ತದೆ. ಹದಿನೈದು ಇಪ್ಪತ್ತು ಸಾವಿರ ಕಿ.ಮೀ. ಓಡಿದ ಮೇಲೆ ಹೋದರೆ ಬಿಡಿಗಾಸು.

ಎರಡನೆಯ ಕೆಲಸ ಹಿಂದಿನ ಚಕ್ರದ ಗೂಡು. ಕೆಳಗಿನಿಂದ ಲೈನರ್ ಕೂರಿಸಿದೆವು. ಡಿಕ್ಕಿಯ ಪಕ್ಕದ ಪ್ಯಾಡ್ ಬಿಚ್ಚಿ, ಒಳಗಿನಿಂದ ಚಕ್ರದ ಉಬ್ಬಿಗೂ ಸ್ಟೆಪ್ನಿಯ ಗುಳಿಗೂ ಎರಡು ಮಿಲಿಮೀಟರಿನ ಬ್ಯೂಟೈಲ್ ರಬ್ಬರಿನ ಶೀಟ್, ಅದರ ಮೇಲೆ ಫೋಮ್. ಶೀಟ್ ಹಾಕುವುದರಲ್ಲೂ ಒಂದು ಹದ ಇದೆ. ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಿ ನೋಡಬೇಕು. ತಪ್ಪಲೆಯ ಹಾಗೆ 'ಠಣ್' ಅನ್ನುವ ಜಾಗದ ನಡುವೆ ಒಂದು ತುಂಡು ಹಾಕಿದರೆ ಸಾಕು, ಸದ್ದು ಸಾಯುತ್ತದೆ. ಮೂಲೆಗಳು, ಮಡಿಕೆಗಳು ಮೊದಲೇ ಗಟ್ಟಿಯಿರುತ್ತವೆ. ಅಲ್ಲಿ ಹಾಕಿದ್ದು ತೂಕಕ್ಕೆ ಮಾತ್ರ. ಎಣ್ಣೆ ಜಿಡ್ಡು ಒರೆಸಿ, ಫಾಯಿಲ್ ಮೇಲಿನ ಉಬ್ಬುಗೆರೆ ಮಾಯವಾಗುವ ತನಕ ರೋಲರಿನಿಂದ ಉಜ್ಜಬೇಕು. ಟಾರು ಬೆರೆಸಿದ ಅಗ್ಗದ ಶೀಟುಗಳು ಮಂಗಳೂರಿನ ಬಿಸಿಲಲ್ಲಿ ನಿಂತ ಕಾರಿನೊಳಗೆ ವಾಸನೆ ಹೊಡೆಯುತ್ತವೆ, ಜಾರುತ್ತವೆ. ಹಿಂದಿನ ಬಂಪರಿನ ಒಳಬದಿ, ಡಿಕ್ಕಿಯ ಪಕ್ಕದಲ್ಲಿ ಗಾಳಿ ಹೊರಹೋಗುವ ರಬ್ಬರ್ ಬಾಯಿಗಳಿರುತ್ತವೆ, ಅವನ್ನು ಮುಚ್ಚಬಾರದು.

ದುಡ್ಡಿಲ್ಲದ ಕೆಲಸಗಳೂ ಇದ್ದವು. ಅಜ್ಜಿ ಮುಂದೆ ಕೂರಲಿ ಅಂದೆ. ಮುಂದೆ ಕೂತವರ ಮಾತು ಗಾಜಿನ ಕಡೆಗೆ ಹೋಗುತ್ತದೆ, ಹಿಂದಿರುವವರಿಗೆ ಬರುವುದು ಅದರ ಶೇಷ. ಹಿಂದಿನವರ ಮಾತಾದರೋ ಮುಂದಿನವರಿಗೆ ನೇರ ಬರುತ್ತದೆ. "ಮೊಮ್ಮಗನ ಪಕ್ಕ ಬಿಟ್ಟು ಕೂರಲ್ಲಪ್ಪ" ಅಂದರು ಅಜ್ಜಿ. ಸರಿ, ಹಾಗಾದರೆ ಎಸಿ ಫ್ಯಾನು ಎರಡಕ್ಕಿಂತ ಮೇಲೆ ಬೇಡ ಅಂತಾಯಿತು. ಅವರ ಶ್ರವಣಯಂತ್ರ ಕೊಟ್ಟ ಆಡಿಯಾಲಜಿಸ್ಟ್ ಹತ್ತಿರ ಹೋಗಿ ವಿಷಯ ಹೇಳಿದಾಗ, ಅವರು ಕಾರಿನ ಪ್ರಯಾಣಕ್ಕೆಂದೇ ಕೆಳಗಿನ ಸ್ವರಗಳನ್ನು ತಗ್ಗಿಸುವ ಬೇರೆ ಪ್ರೋಗ್ರಾಂ ಕೂರಿಸಿಕೊಟ್ಟರು. ಇದನ್ನು ಎಲ್ಲಕ್ಕಿಂತ ಮೊದಲೇ ಮಾಡಬಹುದಿತ್ತು. ಮನೆಯಲ್ಲಿ ಶ್ರವಣಯಂತ್ರ ಹಾಕುವವರಿದ್ದರೆ ದಯವಿಟ್ಟು ಇದನ್ನು ಕೇಳಿ ನೋಡಿ.

ಏನಾಯಿತು

ಹೊಸ ಟೈರು ಮೊದಲ ಕೆಲವು ನೂರು ಕಿ.ಮೀ. ಓಡಿ ಪಳಗಿದ ಮೇಲೆ ಎಲ್ಲವನ್ನೂ ಮತ್ತೆ ಅಳೆದೆವು. ಒರಟು ಡಾಂಬರಿನಲ್ಲಿ ಫೋನಿನ ಅಂಕಿ ಇಳಿದದ್ದು ನಾಲ್ಕು ಡೆಸಿಬಲ್ಲಿನ ಒಳಗೆ. ಕೇಳಲು ಸಣ್ಣದು ಅನಿಸುತ್ತದೆ. ಆದರೆ ಮೂರು ಡೆಸಿಬಲ್ ಇಳಿದರೆ ಸದ್ದಿನ ಶಕ್ತಿ ಅರ್ಧವಾಗುತ್ತದೆ. ಕಿವಿಗೆ ಸದ್ದು ಅರ್ಧವಾಯಿತು ಅನಿಸಲು ಹತ್ತು ಡೆಸಿಬಲ್ ಇಳಿಯಬೇಕು, ಅಷ್ಟನ್ನು ಯಾವ ಅಂಗಡಿಯವರೂ ಮಾಡಿಕೊಡಲಾರರು. ಮಾಡಿಕೊಡುತ್ತೇವೆ ಅನ್ನುವವರನ್ನು ನಂಬಬೇಡಿ. ಇಳಿದದ್ದರಲ್ಲಿ ಹೆಚ್ಚಿನ ಪಾಲು ಟೈರಿನದೇ. ಲೈನರ್, ಶೀಟುಗಳು ಕೊಟ್ಟದ್ದು ಅದರ ಮೇಲಿನ ಸ್ವಲ್ಪ, ಜಲ್ಲಿ ಸಿಡಿಯುವ ಸದ್ದಿನಲ್ಲಿ ಮಾತ್ರ ಅದು ಚೆನ್ನಾಗಿ ಗೊತ್ತಾಗುತ್ತದೆ. ಬಾಗಿಲಿಗೆ ಹಾಕಿದ ದುಡ್ಡಿನಲ್ಲಿ ಟೈರಿನ ಅರ್ಧ ಖರ್ಚು ಹೋಗುತ್ತಿತ್ತು.

ಪದಗಳ ಪಟ್ಟಿಯಲ್ಲಿ ಅಜ್ಜಿಗೆ 'ಸಾಲು', 'ಹಾಲು' ಈಗಲೂ ಆಗಾಗ ಅದಲುಬದಲಾಗುತ್ತವೆ. ಮಾಮೂಲಿ ಮಾತಿಗೆ ತೊಂದರೆಯಿಲ್ಲ. ವಾಕ್ಯದ ನಡುವೆ ಬಂದಾಗ ಯಾವ ಪದ ಅನ್ನುವುದು ಸಂದರ್ಭದಿಂದ ಗೊತ್ತಾಗುತ್ತದೆ. ತಲೆನೋವು ಬರುತ್ತಿಲ್ಲವಂತೆ. ಬಸ್ಸಿನ ಮಾತು ಮತ್ತೆ ಬಂದಿಲ್ಲ.

ನಂತರದ ಮಳೆಗಾಲದ ಹೊತ್ತಿಗೆ ಮೊರೆತ ಸ್ವಲ್ಪ ಮರಳಿದೆ ಅಂತ ಯಜಮಾನರು ಗಾಡಿ ತಂದರು. ಹಿಂದಿನ ಟೈರುಗಳ ಅಂಚಿನ ಮೇಲೆ ಅಂಗೈ ಸವರಿದರೆ ಒಂದು ದಿಕ್ಕಿನಲ್ಲಿ ನುಣುಪು, ವಾಪಸು ಎಳೆದರೆ ಗರಗಸದ ಹಲ್ಲು ಸಿಕ್ಕಂತೆ ತರಚುತ್ತಿತ್ತು. ಎಂಜಿನ್ನಿನ ಬಲ ಹೋಗದ ಹಿಂದಿನ ಚಕ್ರಗಳಲ್ಲಿ ಟೈರಿನ ಮೇಲ್ಮೈಯ ರಬ್ಬರ್ ಕಟ್ಟೆಗಳು ಹೀಗೆ ಓರೆಯಾಗಿ ಸವೆಯುವುದು ಸಾಮಾನ್ಯ. ಅಲೈನ್‌ಮೆಂಟ್ ನೋಡಿ, ಹಿಂದಿನದನ್ನು ಮುಂದಕ್ಕೆ ಹಾಕಿದ ಮೇಲೆ ನಿಧಾನವಾಗಿ ತಗ್ಗಿತು. ಈಗ ಹತ್ತು ಸಾವಿರ ಕಿ.ಮೀ.ಗೊಮ್ಮೆ ತಪ್ಪದೆ ಟೈರ್ ರೊಟೇಶನ್ ಮಾಡಿಸುತ್ತಾರೆ, ತಿಂಗಳಿಗೊಮ್ಮೆ ಬೆಳಿಗ್ಗೆ ಗಾಳಿ ನೋಡುತ್ತಾರೆ.

ಬಗೆಹರಿಯದೆ ಉಳಿದದ್ದು ಘಾಟಿಯ ಕಾಂಕ್ರೀಟ್ ರಸ್ತೆ. ಕಾಂಕ್ರೀಟ್ ಹಲಗೆಗಳ ನಡುವಿನ ಜಾಯಿಂಟು ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು. 50ರ ವೇಗದಲ್ಲಿ ಸೆಕೆಂಡಿಗೆ ಮೂರು ಏಟು. ನೀರು ಹರಿದು ಹೋಗಲಿ, ಹಿಡಿತ ಸಿಗಲಿ ಅಂತ ಮೇಲೆ ಗೀರಿದ ಅಡ್ಡಗೆರೆಗಳಿಂದ ಸಣ್ಣ ಸಿಳ್ಳೂ ಏಳುತ್ತದೆ. ಅಲ್ಲಿ ಹೊಸ ಟೈರಿಗೂ ಹಳೇ ಟೈರಿಗೂ ವ್ಯತ್ಯಾಸ ಅಷ್ಟಕ್ಕಷ್ಟೇ. ಸಸ್ಪೆನ್ಷನ್ನಿನ ರಬ್ಬರ್ ಬುಶ್ ಬದಲಿಸಿದರೆ ಏಟು ಮೆತ್ತಗಾಗಬಹುದಾ ಅಂತ ಯಜಮಾನರು ಕೇಳಿದರು. ಹೊಸ ಕಾರಿನ ಸಸ್ಪೆನ್ಷನ್ನಿಗೆ ಕೈ ಹಾಕಿದರೆ ವಾರಂಟಿಗೂ ತಿರುವಿನ ಹಿಡಿತಕ್ಕೂ ಕುತ್ತು, ಅದು ಬೇಡ ಅಂದೆ. ಮಾರನಹಳ್ಳಿ ದಾಟಿ ಗುಂಡ್ಯ ಬರುವ ತನಕ ಅವರು ವೇಗ ಇಳಿಸಿಕೊಂಡು ಹೋಗುತ್ತಾರೆ. ಘಾಟಿಯಲ್ಲಿ ಹೇಗೂ ಹಾಗೇ ಹೋಗಬೇಕು.